ಖಾಲಿ ಜಾಗ ಅಂತ ಬರೆಸಿದವಳು

ಜುಲೈ 3, ಬುಧವಾರ
ಜಾಗ: ಹೊಳೆದಂಡೆ. ಏನಿದೆ: ತಟ್ಟಿ 26, ಕೋಳಿ 3, ನಾನು.

ಇವತ್ತು ನನಗೊಂದು ಪುಸ್ತಕ ಸಿಕ್ಕಿತು. ನೀಲಿ ರಟ್ಟು, ಮೇಲೆ ವಿಶ್ವವಿದ್ಯಾಲಯದ ಮುದ್ರೆ, ಪ್ರತಿ ಪುಟದ ಮೂಲೆಯಲ್ಲಿ ಅಚ್ಚು ಹಾಕಿದ ಸಂಖ್ಯೆ. ಪುಟದ ತಲೆಯಲ್ಲಿ ತಾರೀಖು, ಜಾಗ, ಏನಿದೆ ಅಂತ ಗೆರೆ ಎಳೆದಿದ್ದಾರೆ. ಖಾಲಿ ಬಿಟ್ಟರೆ ನೋಡಲು ಚೆನ್ನಾಗಿರುವುದಿಲ್ಲ, ಅದಕ್ಕೆ ತುಂಬಿದ್ದೇನೆ. ನಗರ ಯೋಜನೆ ಕಲಿಸುವ ಬು ನಾಸ್ತಿತಿ ತಾವೇ ಬಂದು ಓಣಿಯ ಏಳು ಜನರಿಗೆ ಹಂಚಿದರು. ಜೊತೆಗೊಂದು ಪೆನ್ಸಿಲು, ಅಳತೆಯ ಟೇಪು.

"ನಾವು ಪುಸ್ತಕ ಓದಿದೋರು, ನೀವು ಈ ಓಣಿ ಓದಿದೋರು. ಇಬ್ರೂ ಸೇರಿ ನಕ್ಷೆ ಮಾಡೋಣ. ಕಂಡಿದ್ದನ್ನ ಕಂಡ ಹಾಗೇ ಬರೀರಿ" ಎಂದರು. ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕೆವು. ನಮಗೇನು ಗೊತ್ತು, ಮಣ್ಣು!

ವಿಷಯ ಇಷ್ಟೇ. ನಗರದವರು ಹೊಳೆಗೆ ಗೋಡೆ ಕಟ್ಟುತ್ತಾರೆ. ಹೂಳೆತ್ತುವ ಯಂತ್ರ ಓಡಾಡಲು ಮೂರು ಮೀಟರಿನ ದಾರಿ ಬೇಕು. ಆ ದಾರಿಗೆ ಅಡ್ಡ ಬಂದದ್ದು ಏಳಬೇಕು, ಅಡ್ಡ ಬಂದವರು ಪುಲೋಸಾರಿಯ ಐದಂತಸ್ತಿನ ಬಾಡಿಗೆ ಮನೆಗಳಿಗೆ ಹೋಗಬೇಕು. ದಾರಿ ಎಲ್ಲಿ ಹಾಯಬೇಕೆಂದು ವಿಶ್ವವಿದ್ಯಾಲಯ ಮತ್ತು ಓಣಿ ಕೂಡಿ ಮಾಡುವ ನಕ್ಷೆ ನೋಡಿ ತೀರ್ಮಾನವಂತೆ. ನಮ್ಮ ಯಜಮಾನರು ಜುಮಾದಿ ಓಣಿಯ ಮುಖಂಡರು, ಅಂದರೆ ಆರ್‌ಟಿ; ಎಲ್ಲರಿಗೂ ಪಾಕ್ ಆರ್‌ಟಿ. ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಅನ್ನುವುದು ಮರ್ಯಾದೆ, ಆದ್ದರಿಂದ ನಾನು ಬು ಆರ್‌ಟಿ. ವಾರ್ಸಿನಿ ಎಂಬ ಹೆಸರು ಗುರುತಿನ ಚೀಟಿಯಲ್ಲಿ ಬಿಟ್ಟರೆ ಎಲ್ಲೂ ಓಡಾಡುವುದಿಲ್ಲ. ಮನೆಯಲ್ಲೂ ಇವರಿಗೆ ನಾನು ಮಾಕ್ನೆ, ಮಗಳ ಅಮ್ಮ; ನನಗೆ ಇವರು ಪಾಕ್ನೆ, ಮಗಳ ಅಪ್ಪ.

ಪುಸ್ತಕದಲ್ಲಿ ನೂರು ಪುಟ ಇವೆ. ಓಣಿ ಬರೆಯಲು ಹತ್ತು ಸಾಕು. ಉಳಿದದ್ದನ್ನು ದಂಡ ಮಾಡುವುದೇಕೆ? ಮಧ್ಯಾಹ್ನ ಬಿದಿರ ತಟ್ಟಿಯ ಮೇಲೆ ಒಣಹಾಕಿದ ಕೆರುಪುಕ್, ಅಂದರೆ ಸೀಗಡಿ ಹಪ್ಪಳ, ಕಾಯುವಾಗ ಕೋಳಿ ಓಡಿಸುವುದು ಬಿಟ್ಟರೆ ನನಗೂ ಬೇರೆ ಕೆಲಸವಿಲ್ಲ.

ಜುಲೈ 6, ಶನಿವಾರ
ಜಾಗ: ಇಡೀ ಓಣಿ. ಏನಿದೆ: ಪೊರಕೆ.

ನಾಳೆ ಅಳೆಯಲು ಬರುತ್ತಾರೆಂದು ಇವತ್ತು ಎಲ್ಲರೂ ಕೂಡಿ ಓಣಿ ತೊಳೆದೆವು. ನಮ್ಮ ಯಜಮಾನರು ಬೆಳಗ್ಗೆ ಏಳಕ್ಕೇ ಮಸೀದಿಯ ಮೈಕಿನಲ್ಲಿ ಕೂಗಿದರು: "ವಿಶ್ವವಿದ್ಯಾಲಯದೋರು ನಮ್ಮ ಅತಿಥಿಗಳು. ಕಸ, ಕೋಳಿ, ಕೊಳಕು ಒಂದೂ ಕಣ್ಣಿಗೆ ಬೀಳಬಾರ್ದು. ಹೋದ ವರ್ಷ ಸ್ವಚ್ಛ ಓಣಿ ಸ್ಪರ್ಧೇಲಿ ಎರಡನೇ ಬಹುಮಾನ ತಗೊಂಡೋರು ನಾವು, ನೆನಪಿರ್ಲಿ!" ಆ ಬಹುಮಾನದ ಮಾತು ಬಂದರೆ ಇವರ ಎದೆ ಒಂದು ಗೇಣು ಉಬ್ಬುತ್ತದೆ.

ಹೆಂಗಸರ ಕೆಲಸ ನನ್ನ ಪಾಲಿಗೆ. ಹೊಳೆ ಮತ್ತು ಓಣಿಯ ನಡುವಿನ ಉದ್ದ ಪಟ್ಟಿಯಲ್ಲಿ ಹದಿನಾಲ್ಕು ಮನೆಯ ಬಿದಿರ ತಟ್ಟಿಗಳಿರುತ್ತವೆ. ಅವನ್ನೆಲ್ಲ ಎತ್ತಿಸಿ ಮಸೀದಿಯ ಹಿಂದಿನ ಕೋಣೆಗೆ ಹಾಕಿಸಿದೆ. ತಟ್ಟಿ ನಿಲ್ಲಿಸುವ ಕಾಲು ಕಂಬಗಳನ್ನೂ ಕಿತ್ತು, ಗುಣಿ ಮುಚ್ಚಿ, ಗುಡಿಸಿ ನೀರು ಚಿಮುಕಿಸಿದೆ. ಎಂಬಾಹ್ ಪೈನೆಮ್ ಮಾತ್ರ ಜಪ್ಪಯ್ಯ ಅಂದರೂ ತಟ್ಟಿ ಬಿಡಲಿಲ್ಲ. ಎಪ್ಪತ್ತಾರು ವರ್ಷದ ಮುದುಕಿ, ಓಣಿಗೆಲ್ಲ ಎಂಬಾಹ್, ಅಂದರೆ ಅಜ್ಜಿ; ನನಗೆ ಕೆರುಪುಕ್ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಬಿಲ್ಲೆ ಕೊಯ್ಯಲು ಕಲಿಸಿದವಳು.

"ಬಿಸ್ಲು ಚೆನ್ನಾಗಿದೆ ಕಣೇ. ಒಂದು ದಿನದ ಬಿಸ್ಲು ಹಾಳು ಮಾಡ್ತೀಯಲ್ಲ."

"ಒಂದೇ ದಿನ ಎಂಬಾಹ್. ನೆಂಟ್ರು ಬಂದಾಗ ಮನೆ ಒಪ್ಪವಾಗಿ ಇಡಲ್ವಾ?"

"ಒಪ್ಪ ಮಾಡು, ಯಾರ್ ಬೇಡ ಅಂದ್ರು. ನಾವು ಬದುಕಿರೋದನ್ನೂ ಗುಡಿಸಿ ಹಾಕ್ಬೇಡ."

ಮುದುಕಿಗೆ ಎಲ್ಲದಕ್ಕೂ ಒಂದು ಕೊಂಕು. ಕೊನೆಗೆ ನಾನೇ ಹೊತ್ತುಕೊಂಡು ಹೋದೆ.

ನಮ್ಮ ಅಡುಗೆಮನೆ ಓಣಿಗೆ ಮೂಗು ಚಾಚಿಕೊಂಡಿದೆ. ಒಂಬತ್ತು ವರ್ಷದ ಹಿಂದೆ ಇವರೇ ಇಟ್ಟಿಗೆ ಹೊತ್ತು ಕಟ್ಟಿದ್ದು. ಅದರ ಮಸಿ ಹಿಡಿದ ಗೋಡೆ ಕಾಣದಂತೆ ದೊಡ್ಡ ಸ್ವಾಗತದ ಬ್ಯಾನರ್ ಕಟ್ಟಿಸಿದರು. ಚೆನ್ನಾಗಿ ಕಾಣುತ್ತಿದೆ.

ಜುಲೈ 7, ಭಾನುವಾರ
ಜಾಗ: ಹೊಳೆದಂಡೆ. ಏನಿದೆ: ಏನೂ ಇಲ್ಲ.

ಎಂಥ ದಿನ! ಹನ್ನೊಂದು ವಿದ್ಯಾರ್ಥಿಗಳು, ಬು ನಾಸ್ತಿತಿ, ಒಂದು ಡ್ರೋನು. ಬಾಳೆಹಣ್ಣಿನ ಬಜ್ಜಿ ಮೂರು ಸಲ ಕರಿದೆ. ಎಷ್ಟು ಶುಚಿ, ಎಷ್ಟು ಶುಚಿ ಅಂತ ಎಲ್ಲರ ಬಾಯಲ್ಲೂ ಒಂದೇ ಮಾತು. ಇವರು ಉಬ್ಬಿ ಹೋದರು, ನಾನೂ ಉಬ್ಬಿದೆ. ಸುಳ್ಳೇಕೆ ಹೇಳಲಿ?

ಟೇಪಿನ ಒಂದು ತುದಿ ನನ್ನ ಕೈಯಲ್ಲಿ. ಓಣಿಯ ಅಗಲವನ್ನು ಎಂಬಾಹ್ ಪೈನೆಮ್ ಮನೆಯ ಮುಂದೆ ಅಳೆದರು, ಮೂರು ಮೀಟರ್. ಆಮೇಲೆ ಬು ನಾಸ್ತಿತಿ ಹೊಳೆ ಕಡೆಯ ಪಟ್ಟಿ ತೋರಿಸಿ ಕೇಳಿದರು: "ಬು ಆರ್‌ಟಿ, ಇಲ್ಲಿ ಏನ್ ಮಾಡ್ತೀರಿ?"

ಅಲ್ಲಿ ಹಿಂದಿನ ದಿನದವರೆಗೆ ಸೀಗಡಿಯ ನಾತ, ನೊಣ, ತಟ್ಟಿಗೆ ಮುಚ್ಚಿದ ಹರಕು ಪರದೆ. ಅದನ್ನೆಲ್ಲ ಓದಿದವರ ಮುಂದೆ ಹೇಗೆ ಹೇಳುವುದು? ನಾಚಿಕೆಯಾಯಿತು. "ಏನಿಲ್ಲ ಬು, ಸುಮ್ನೆ ಖಾಲಿ ಜಾಗ" ಅಂದೆ. ಅವರು ಬರೆದುಕೊಂಡರು. ಕೊನೆಗೆ ಅಳತೆಯ ಹಾಳೆಗಳಿಗೆಲ್ಲ ಸಹಿ ಹಾಕಿದೆ, ಬು ಜುಮಾದಿ ಅಂತ. ಬ್ಯಾನರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು.

ಜುಲೈ 8, ಸೋಮವಾರ
ಜಾಗ: ದೀಪದ ಕಂಬದಿಂದ ಎಂಬಾಹ್ ಪೈನೆಮ್ ಬಾಗಿಲವರೆಗೆ. ಏನಿದೆ: ತಟ್ಟಿ 26, ಕೋಳಿ 4.

ಎಲ್ಲ ಮತ್ತೆ ಹೊರಗೆ ಬಂತು. ಸೊಂಟ ಬಿದ್ದು ಹೋಗಿದೆ.

ಜುಲೈ 19, ಶುಕ್ರವಾರ
ಜಾಗ: ಅದೇ. ಏನಿದೆ: ತಟ್ಟಿ 24 (ಬು ಸಾರ್ತಿ ಊರಲ್ಲಿಲ್ಲ).

ಬಿಸಿಲು ಏಳರಿಂದ ಮೂರರವರೆಗೆ ಈ ಪಟ್ಟಿಯ ಮೇಲೆ ಮಾತ್ರ. ಮೂರು ಕಳೆದರೆ ಆಚೆ ದಂಡೆಯ ಗೋದಾಮಿನ ನೆರಳು ಬಂದು ಕುಳಿತುಕೊಳ್ಳುತ್ತದೆ.

ನಗರ ಕಚೇರಿಯಲ್ಲಿ ಸಭೆಯೆಂದು ಇವರು ಮೀಸೆಗೆ ಬಣ್ಣ ಹಚ್ಚಿಕೊಂಡರು. ಅದು ಮೇಲ್ದುಟಿಗೂ ಇಳಿದು, ಕಾಡಿಗೆ ಡಬ್ಬಿಗೆ ಬಾಯಿ ಹಾಕಿದ ಬೆಕ್ಕಿನ ಹಾಗೆ ಆಯಿತು. ಒರೆಸಿಕೊಳ್ಳಿ ಅಂದರೆ ಸಿಡುಕು. ಸಭೆಯಲ್ಲಿ "ನಮ್ಮ ನಕ್ಷೇಲಿ ಒಂದು ಕೂದಲೆಳೆ ತಪ್ಪಿಲ್ಲ" ಅಂತ ಹೇಳಿ ಬಂದರಂತೆ. ಅಷ್ಟೊತ್ತೂ ಆ ಮೀಸೆಯಲ್ಲೇ.

ಜುಲೈ 30, ಮಂಗಳವಾರ
ಜಾಗ: ಅದೇ. ಏನಿದೆ: ತಟ್ಟಿ 26. ಗಾಳಿ ಜೋರು.

ಎರಡು ತಟ್ಟಿ ಹೊಳೆಗೆ ಬಿದ್ದವು, ಕೋಲು ಹಾಕಿ ಎತ್ತಿದೆವು. ಬರೆಯುವ ಮನಸ್ಸಿಲ್ಲ.

ಆಗಸ್ಟ್ 14, ಬುಧವಾರ
ಜಾಗ: ಸಭಾಮನೆ. ಏನಿದೆ: ನಕ್ಷೆ.

ನಕ್ಷೆ ಬಂತು. ಗೋಡೆ ತುಂಬ ಬಣ್ಣ ಬಣ್ಣದ ಹಾಳೆ. ನಮ್ಮ ಮನೆ ಹಳದಿ, ಮಸೀದಿ ಹಸಿರು, ಹೊಳೆ ನೀಲಿ. ಯಂತ್ರದ ದಾರಿ ಕೆಂಪು ಗೆರೆ. ಒಂದೇ ಒಂದು ಮನೆಗೂ ತಾಕದೆ, ಗೆರೆಗೋಲು ಇಟ್ಟು ಎಳೆದ ಹಾಗೆ ನೆಟ್ಟಗೆ ಹೋಗಿತ್ತು. ಜನ ಚಪ್ಪಾಳೆ ತಟ್ಟಿದರು, ಇವರು ಕೈಯೆತ್ತಿ ಎಲ್ಲರಿಗೂ ನಮಸ್ಕಾರ ಮಾಡಿದರು.

ಎಂಬಾಹ್ ಪೈನೆಮ್‌ಗೆ ಓದಲು ಬರುವುದಿಲ್ಲ. ನಕ್ಷೆಗೆ ಮೂಗು ತಾಗಿಸಿ ತುಂಬ ಹೊತ್ತು ನೋಡಿದಳು.

"ಇದು ಮಸೀದಿ. ಇದು ನಮ್ಮನೆ. ಹೌದೇನೇ?"

"ಹೌದು ಎಂಬಾಹ್."

"ಹಂಗಾದ್ರೆ ನನ್ನ ತಟ್ಟಿ ಎಲ್ಲಿ?"

ಕೆಂಪು ಗೆರೆ ಇದ್ದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ 'ಖಾಲಿ ಜಾಗ' ಎಂದು ಬರೆದಿತ್ತು. ನಾನು ಓದಿ ಹೇಳಲಿಲ್ಲ. ಚಪ್ಪಾಳೆ ತಟ್ಟಿದ ಉಳಿದ ಹದಿಮೂರು ಮನೆಯ ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು.

ಆಗಸ್ಟ್ 15, ಗುರುವಾರ

ಪುಟದ ತಲೆಯ ಸಾಲು ಇವತ್ತು ತುಂಬುವುದಿಲ್ಲ.

ಈ ಮನುಷ್ಯನಿಗೆ ಎಷ್ಟು ಹೇಳಿದರೂ ಅಷ್ಟೇ. "ಬೇರೆ ಕಡೆ ಒಣಗಿಸ್ಲಿ ಬಿಡು ಮಾಕ್ನೆ" ಅನ್ನುತ್ತಾರೆ. ಬೇರೆ ಕಡೆ ಎಲ್ಲಿ? ಇವರ ತಲೆಯ ಮೇಲಾ? ಬಿಸಿಲು ಬೀಳುವುದೇ ಅಲ್ಲಿ.

"ಪಾಕ್ನೆ, ನಕ್ಷೆ ತಪ್ಪಾಗಿದೆ ಅಂತ ಕಚೇರೀಲಿ ಹೇಳಿ. ನನ್ನಿಂದಾನೇ ಆಗಿದ್ದು ಅಂತ್ಲೇ ಹೇಳಿ."

"ಏನಂತ ಹೇಳ್ಲಿ? ಇಡೀ ಓಣಿ ಸೇರ್ಕೊಂಡು ವಿಶ್ವವಿದ್ಯಾಲಯಕ್ಕೆ ಟೋಪಿ ಹಾಕ್ತು ಅಂತ್ಲಾ? ಕೂದಲೆಳೆ ತಪ್ಪಿಲ್ಲ ಅಂತ ನಾನು ಎದ್ದು ನಿಂತು ಹೇಳ್ದೋನು!"

"ಟೋಪಿ ಹಾಕ್ಲಿಲ್ಲ, ಗುಡಿಸಿದ್ವಿ."

"ಮನೆಗಳು ಉಳಿದಿವೆ ತಾನೆ? ಸುಮ್ನಿರು. ಮುಟ್ಟಿದ್ರೆ ಇನ್ನೇನು ಹೊರಗೆ ಬೀಳತ್ತೋ."

ಬಾಗಿಲು ದಬ್ಬಿ ಹೋದರು. ನಾಡಿದ್ದು ಹದಿನೇಳಕ್ಕೆ ನಮ್ಮ ಸ್ವಾತಂತ್ರ್ಯದ ದಿನ, ಬಾವುಟದ ಸರ ಕಟ್ಟಿಸಬೇಕಂತೆ. ಹೆಡ್ಡ! ಜಂಬದ ಕೋಳಿ! ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಇವತ್ತು ಬರೆಯುತ್ತಿದ್ದೇನೆ, ಈ ಮನುಷ್ಯನಿಗೆ ಹೆಂಡತಿಗಿಂತ ಎರಡನೇ ಬಹುಮಾನದ ಬಟ್ಟಲು ಹೆಚ್ಚು. ಅದನ್ನೂ ತಿಕ್ಕಿ ಹೊಳೆಯಿಸುವವಳು ನಾನೇ.

ಹೊರಗೆ ಹೋಗಲು ಆಗುತ್ತಿಲ್ಲ. ಕಿಟಕಿಯ ಹೊರಗೆ ತಟ್ಟಿ ಕಾಣಿಸುತ್ತವೆ. ಬಾಗಿಲ ಹೊರಗೆ ಹದಿಮೂರು ಮನೆಯ ಹೆಂಗಸರು. ಯಾರೂ ಬೈಯುವುದಿಲ್ಲ, ಅದೇ ಕಷ್ಟ. ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು.

ಆಗಸ್ಟ್ 20, ಮಂಗಳವಾರ
ಜಾಗ: ವಿಶ್ವವಿದ್ಯಾಲಯ, ಮೂರನೇ ಮಹಡಿ. ಏನಿದೆ: ಗಾಜು, ಎಸಿ, ಚಳಿ.

ಮಾರುಕಟ್ಟೆಗೆಂದು ಹೇಳಿ ಎರಡು ವ್ಯಾನು ಬದಲಾಯಿಸಿ ಹೋದೆ. ಬು ನಾಸ್ತಿತಿ ನನ್ನ ಮಾತು ಕೇಳಿ ಮೊದಲು ನಕ್ಕರು, ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ಯಾಕ್ ಬು ಬಚ್ಚಿಟ್ರಿ?"

"ಬಚ್ಚಿಡ್ಲಿಲ್ಲ ಬು. ನೀವು ಬರ್ತೀರಿ ಅಂತ ಒಪ್ಪ ಮಾಡಿದ್ವಿ."

"ಅಷ್ಟು ಚೊಕ್ಕ ಇದ್ದಾಗ್ಲೇ ನನಗೆ ಅನುಮಾನ ಬರ್ಬೇಕಿತ್ತು. ಹೇಳದೇ ಕೇಳದೇ ಇನ್ನೊಂದು ದಿನ ಬರ್ಬೇಕಿತ್ತು. ಚೊಕ್ಕ ಇದ್ದಿದ್ದು ನಮಗೂ ಹಿಡಿಸ್ತು, ನೋಡಿ."

ಆದರೆ ನಕ್ಷೆಗೆ ವಿಶ್ವವಿದ್ಯಾಲಯ, ಓಣಿ, ನಗರ ಕಚೇರಿ ಮೂರೂ ಕಡೆಯ ಸಹಿ ಬಿದ್ದಾಗಿದೆ. ತಕರಾರಿಗೆ ಸೆಪ್ಟೆಂಬರ್ ಹನ್ನೊಂದು ಕೊನೆ. ಅವತ್ತು ಕಚೇರಿಯವರು ಓಣಿಗೇ ಬರುತ್ತಾರೆ. ಬಾಯಿಮಾತು ನಡೆಯುವುದಿಲ್ಲ. ನಕ್ಷೆ ಪ್ರಕಟವಾಗುವ ಮೊದಲೇ ಆ ಜಾಗ ಬಳಕೆಯಲ್ಲಿತ್ತೆಂದು ತಾರೀಖಿನ ಸಮೇತ ಸಾಕ್ಷಿ ಬೇಕು. ಇಲ್ಲದಿದ್ದರೆ ದಾರಿ ಕಂಡ ಮೇಲೆ ತಟ್ಟಿ ತಂದಿಟ್ಟರು ಅನ್ನುತ್ತಾರೆ.

ವ್ಯಾನಿನಲ್ಲಿ ಕುಳಿತಾಗ ಸಿಟ್ಟು ಬಂತು. ಅಷ್ಟು ಓದಿದವರಿಗೆ ಗಾಳಿಯಲ್ಲಿದ್ದ ಸೀಗಡಿಯ ವಾಸನೆ ಮೂಗಿಗೆ ಹತ್ತಲಿಲ್ಲವೇ? ಬಜ್ಜಿಯ ಜೊತೆ ಕೆರುಪುಕ್ಕನ್ನೂ ಕಟಕಟ ತಿಂದರಲ್ಲ, ಅದು ಎಲ್ಲಿ ಒಣಗಿತು ಅಂತ ಒಬ್ಬರಾದರೂ ಕೇಳಬೇಕಲ್ಲ? ಡ್ರೋನು ಹಾರಿಸಲು ಬರುತ್ತದೆ, ಇಷ್ಟು ಹೊಳೆಯುವುದಿಲ್ಲ. ಅರ್ಧ ಪುಟ ಬೈದೆ, ಆಮೇಲೆ ಸಮಾಧಾನವಾಯಿತು.

ಆಗಸ್ಟ್ 23, ಶುಕ್ರವಾರ
ಜಾಗ: ದೀಪದ ಕಂಬದಿಂದ ಎಂಬಾಹ್ ಬಾಗಿಲವರೆಗೆ, 38 ಮೀಟರ್ 20. ಏನಿದೆ: ತಟ್ಟಿ 26.

ಹದಿನಾಲ್ಕು ಮನೆಯ ಫೋನುಗಳನ್ನೂ ಜಾಲಾಡಿದೆ. ಮದುವೆ, ಮೊಮ್ಮಕ್ಕಳು, ಬೆಕ್ಕು, ಸ್ಪರ್ಧೆಯ ದಿನದ ಓಣಿ. ಒಂದರಲ್ಲೂ ತಟ್ಟಿ ಇಲ್ಲ. ಫೋಟೋ ತೆಗೆಯುವ ಮೊದಲು ಎಲ್ಲರೂ ತಟ್ಟಿಯನ್ನು ಪಕ್ಕಕ್ಕೆ ಸರಿಸಿದ್ದಾರೆ!

"ತಟ್ಟೀದು ಯಾರು ಫೋಟೋ ತೆಗೀತಾರೆ? ಅದೇನು ಮದ್ಲಿಂಗ್ತಿಯೇ?" ಅಂದಳು ಎಂಬಾಹ್. ಆಮೇಲೆ ತಣ್ಣಗೆ ಕೇಳಿದಳು: "ಪುಲೋಸಾರಿಯ ಐದನೇ ಮಾಳಿಗೇಲಿ ಬಿಸ್ಲು ಬೀಳತ್ತಾ?"

ಅವಳೇಕೆ ಐದನೇ ಮಾಳಿಗೆಗೆ ಹೋಗಬೇಕು, ಮನೆ ಉಳಿದಿದೆಯಲ್ಲ ಅಂದೆ. ಒಣಗಿಸಲು ಜಾಗವಿಲ್ಲದಿದ್ದರೆ ಈ ಮನೆಯಲ್ಲಿ ಕೂತು ಏನು ತಿನ್ನಲಿ ಅಂದಳು. ಅವಳ ಮುಂದೆ ನಿಲ್ಲಲಾರದೆ ಟೇಪು ಹಿಡಿದು ಹೋಗಿ ಪಟ್ಟಿಯನ್ನು ಅಳೆದೆ. ಒಬ್ಬಳೇ ಅಳೆಯುವುದು ಕಷ್ಟ, ತುದಿಯ ಮೇಲೆ ಇಟ್ಟಿಗೆ ಹೇರಬೇಕು.

ಆಗಸ್ಟ್ 26, ಸೋಮವಾರ
ಜಾಗ: ಅದೇ. ಏನಿದೆ: ತಟ್ಟಿ 25, ಬು ನಾಸ್ತಿತಿ.

ಹೇಳದೇ ಕೇಳದೇ ಬಂದರು. ನಾನು ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೆ. ಬಗ್ಗಿ ನೋಡಿ, "ಇದು ನಾನು ಕೊಟ್ಟ ಪುಸ್ತಕ ಅಲ್ವಾ?" ಎಂದರು. ಜುಲೈ ಎಂಟರ ಪುಟದ ತಲೆಯ ಸಾಲನ್ನು ಮಾತ್ರ ತೋರಿಸಿದೆ. ಅವರ ಕಣ್ಣು ಇಷ್ಟಗಲವಾಯಿತು.

"ಬು! ಇದೇ ಸಾಕ್ಷಿ. ಉಳಿದ ಆರು ಪುಸ್ತಕದಲ್ಲಿ ಬರೀ ಅಳತೆ ಇದೆ. ನಮ್ಮ ಮುದ್ರೆ ಇದೆ, ತಾರೀಖಿದೆ, ತಟ್ಟಿ ಎಷ್ಟು ಅಂತ ಇದೆ. ಕೋಳಿ ಸಮೇತ ಬರ್ದಿದೀರಿ!"

ಪುಸ್ತಕವನ್ನು ಪಟಕ್ಕನೆ ಮುಚ್ಚಿ ಅದರ ಮೇಲೆ ಕುಳಿತೆ.

"ಇದ್ರಲ್ಲಿ ನಮ್ಮನೆ ಜಗಳ ಇದೆ ಬು. ಆ ಪುಟಗಳನ್ನ ಹರಿದು ಕೊಡ್ಲಾ?"

"ಪುಟಕ್ಕೆ ಸಂಖ್ಯೆ ಇದೆ. ಒಂದು ಹರಿದ್ರೂ ಇಡೀ ಪುಸ್ತಕ ನಂಬಲ್ಲ."

"ಬೇರೆ ಹಾಳೇಲಿ ಬರ್ಕೊಡ್ತೀನಿ."

"ಇವತ್ತು ಬರ್ದಿದ್ದು ಅಂತಾರೆ."

"ನಿಮ್ಮನ್ನೂ ಬೈದಿದೀನಿ."

"ಎಷ್ಟು?"

"ಅರ್ಧ ಪುಟ."

"ಅಷ್ಟೇನಾ?" ಅಂದರು. ನಕ್ಕರೂ ಹೋಗುವಾಗ ನನ್ನ ಕೈ ಹಿಡಿದು, "ಬಲವಂತ ಇಲ್ಲ ಬು. ಪುಸ್ತಕ ನಿಮ್ದು" ಎಂದರು. ಬಲವಂತ ಮಾಡಿದ್ದರೆ ಚೆನ್ನಾಗಿತ್ತು.

ಕೊಟ್ಟರೆ ಕಚೇರಿಯಲ್ಲಿ ಯಾರೋ ಇವರ ಮೀಸೆಯ ವಿಷಯ ಓದುತ್ತಾರೆ. ಹೆಡ್ಡ ಅಂದದ್ದನ್ನು ಓದುತ್ತಾರೆ. ಇವರು ಮತ್ತೆ ಆ ಮೈಕು ಹಿಡಿಯುವುದು ಹೇಗೆ? ಕೊಡದಿದ್ದರೆ ಎಂಬಾಹ್ ಪೈನೆಮ್ ಹೊಟ್ಟೆಯ ಮೇಲೆ ಹೊಡೆತ. ಎತ್ತ ತಿರುಗಿದರೂ ಗೋಡೆ.

ಸೆಪ್ಟೆಂಬರ್ 2, ಸೋಮವಾರ
ಜಾಗ: ಓಣಿ. ಏನಿದೆ: ಬರೆಯುವುದಿಲ್ಲ.

ಬು ನಾಸ್ತಿತಿ ಇನ್ನೊಂದು ಹಾಳೆ ಕಳಿಸಿದರು. ತಟ್ಟಿಯ ಪಟ್ಟಿ ಉಳಿಯಬೇಕಾದರೆ ಯಂತ್ರದ ದಾರಿ ಅದರ ಪಕ್ಕದಲ್ಲಿರುವ ನಮ್ಮ ಓಣಿಯೊಳಗೇ ಬರಬೇಕು. ಓಣಿ ಮೂರು ಮೀಟರ್ ಇದೆಯಲ್ಲ, ಸರಿಯಾಗುತ್ತದೆ, ಯಾವ ಮನೆಗೂ ತೊಂದರೆ ಇಲ್ಲ ಎಂದು ಬರೆದಿದ್ದಾರೆ.

ಓಣಿ ಮೂರು ಮೀಟರ್ ಎಂದು ಎಂಬಾಹ್ ಮನೆಯ ಮುಂದೆ ಅಳೆದದ್ದು. ನಮ್ಮ ಮನೆಯ ಮುಂದೆ ಅವತ್ತು ಬ್ಯಾನರ್ ಇತ್ತು. ಅಲ್ಲಿ ಫೋಟೋ ತೆಗೆದರೇ ಹೊರತು ಟೇಪು ಹಿಡಿಯಲಿಲ್ಲ.

ಬ್ಯಾನರ್ ಇನ್ನೂ ಹಾಗೇ ಇದೆ. ಅದರ ಹಿಂದೆ ಓಣಿಗೆ ಚಾಚಿದ ಅಡುಗೆಮನೆ, ನನ್ನ ಒಲೆ, ನನ್ನ ಹಬೆ ಪಾತ್ರೆ, ಕಿಟಕಿಯಿಂದ ಬರುವ ಹೊಳೆಗಾಳಿ. ಮಗಳ ಮದುವೆಯ ಅಡುಗೆ ಅಲ್ಲೇ ಆದದ್ದು. ಒಂದೊಂದು ಇಟ್ಟಿಗೆಯನ್ನೂ ಇವರು ಕೆಲಸದಿಂದ ಬಂದ ಮೇಲೆ ಸಂಜೆ ಸಂಜೆ ಇಟ್ಟರು. ನಾನು ಗಾರೆ ಕಲಸಿ ಕೊಡುತ್ತಿದ್ದೆ.

ಮುಟ್ಟಿದರೆ ಇನ್ನೇನು ಹೊರಗೆ ಬೀಳುತ್ತದೋ ಅಂತ ಇವರು ಯಾಕೆ ಅಂದರೆಂದು ಈಗ ಗೊತ್ತಾಯಿತು. ಅಡುಗೆಮನೆ ದಾರಿಗೆ ಅಡ್ಡ ಬರುತ್ತದೆಂದು ಇವರಿಗೆ ಮೊದಲೇ ಗೊತ್ತಿತ್ತು. ಟೇಪು ತೆಗೆದುಕೊಂಡು ಬ್ಯಾನರಿನ ಮುಂದೆ ಎರಡು ಸಲ ಹೋದೆ, ಎರಡು ಸಲವೂ ವಾಪಸ್ ಬಂದೆ.

ಸೆಪ್ಟೆಂಬರ್ 5, ಗುರುವಾರ
ಏನಿದೆ: ತಟ್ಟಿ 26.

ಅನ್ನ ಸೇರುತ್ತಿಲ್ಲ.

ಸೆಪ್ಟೆಂಬರ್ 8, ಭಾನುವಾರ
ಜಾಗ: ನಮ್ಮ ಮನೆ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಪುಸ್ತಕವನ್ನು ಇವರ ಮುಂದಿಟ್ಟೆ. "ಓದಿ. ಆಮೇಲೆ ಕೊಡೋದೋ ಬೇಡ್ವೋ ಹೇಳಿ" ಅಂದೆ. ಕನ್ನಡಕ ಹಾಕಿಕೊಂಡು ಜಗಲಿಯ ಬೆಂಚಿನ ಮೇಲೆ ಕುಳಿತರು. ನಾನು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಹಾಳೆ ತಿರುವುವ ಸದ್ದು ಕೇಳುತ್ತಿತ್ತು. ಒಂದು ಕಡೆ ಸದ್ದು ತುಂಬ ಹೊತ್ತು ನಿಂತಿತು. ಆಗಸ್ಟ್ ಹದಿನೈದು ಇರಬೇಕೆಂದುಕೊಂಡೆ.

ಗೋದಾಮಿನ ನೆರಳು ಬಂದ ಮೇಲೆ ಇವರು ಒಳಗೆ ಬಂದು ಬಾಗಿಲಲ್ಲಿ ನಿಂತರು.

"ಮೀಸೆ ವಿಷಯ ಪುಟ ಹನ್ನೊಂದರಲ್ಲಿದೆ. ನಗರ ಯೋಜನೆಗೆ ಅದೂ ಬೇಕಾ ಮಾಕ್ನೆ?"

"ಪುಟ ಹರಿಯೋ ಹಾಗಿಲ್ಲ."

"ಅವತ್ತು ನಿಜ್ವಾಗ್ಲೂ ಹಂಗೆ ಕಾಣ್ತಿತ್ತಾ?"

"ಹೂಂ."

"ಕಚೇರೀಲಿ ಯಾರೂ ಹೇಳ್ಲೇ ಇಲ್ಲ" ಅಂದರು. ಒಲೆಯನ್ನೂ ಅದರ ಹಿಂದಿನ ಗೋಡೆಯನ್ನೂ ನೋಡಿದರು. ಕಣ್ಣು ಕೆಂಪಗಿತ್ತು, ಹೊಗೆ ಇರಲಿಲ್ಲ. "ಎಲ್ಲಾ ಅಳೆದಿದೀಯ. ಕಂಬ, ಬಾಗ್ಲು, ನೆರಳು ಎಷ್ಟೊತ್ತಿಗೆ ಬರತ್ತೆ ಅನ್ನೋದು ಸಹ. ಇದೊಂದನ್ನ ಬಿಟ್ಟಿದೀಯ."

"ಒಬ್ಳೇ ಅಳೆಯಕ್ಕಾಗ್ಲಿಲ್ಲ ಪಾಕ್ನೆ."

ಇವರು ಹೊರಗೆ ಹೋಗಿ ಬ್ಯಾನರಿನ ಹಗ್ಗ ಬಿಚ್ಚಿದರು. ಸುತ್ತಿ ಮಡಿಸಿ ಬದಿಗಿಟ್ಟರು. ಮಸಿ ಗೋಡೆ ಇಡೀ ಓಣಿಗೆ ಕಂಡಿತು. ಪಕ್ಕದ ಮನೆಯ ಬು ಸಾರ್ತಿ ಬಾಗಿಲಿಗೆ ಬಂದು ನಿಂತಳು. ಇವರು ಮಂಡಿಯೂರಿ ಕುಳಿತು ಟೇಪಿನ ತುದಿಯನ್ನು ಮನೆಯ ಹಳೆ ಗೋಡೆಗೆ ಒತ್ತಿ ಹಿಡಿದು, "ಎಳಿ" ಅಂದರು.

ನಾನು ಎಳೆದೆ. ಅಳುತ್ತಲೇ ಎಳೆದೆ, ಅದರಲ್ಲೇನು. ಸಂಖ್ಯೆ ಸರಿಯಾಗಿ ಕಾಣದೆ ಇವರೇ ಎದ್ದು ಬಂದು ಓದಿದರು.

ಸೆಪ್ಟೆಂಬರ್ 11, ಬುಧವಾರ
ಜಾಗ: ಹೊಳೆದಂಡೆ ಮತ್ತು ಓಣಿ.

ಬೆಳಗ್ಗೆ ಏಳಕ್ಕೆ ಮೈಕು ಕೂಗಿತು. "ಇವತ್ತು ಕಚೇರಿಯಿಂದ ಅತಿಥಿಗಳು ಬರ್ತಾರೆ. ಯಾರೂ ಏನನ್ನೂ ಎತ್ತಿಡಬೇಡಿ. ಕೋಳೀನೂ ಕಟ್ಟಬೇಡಿ." ಎಂಬಾಹ್ ಪೈನೆಮ್ ಎರಡು ಸಲ ಕೇಳಿಸಿಕೊಂಡು, "ನಿನ್ನ ಗಂಡನಿಗೆ ಜ್ವರವೇನೇ?" ಅಂದಳು.

ಅವರು ಬಂದರು, ಮೂವರು. ತಟ್ಟಿಗಳ ನಡುವೆ ಅಡ್ಡಡ್ಡ ನಡೆದರು, ಒಬ್ಬರ ಷರಟಿಗೆ ಹಿಟ್ಟು ಮೆತ್ತಿತು. ಬು ನಾಸ್ತಿತಿ ಹಿಂದೆಯೇ ಹಾಳೆ ಹಿಡಿದು ನಡೆದರು. ನಾನು ಕಂಬ ಎಲ್ಲಿ, ಬಿಸಿಲು ಎಲ್ಲಿಂದ, ಮೂರು ಗಂಟೆಯ ನೆರಳು ಎಲ್ಲಿಗೆ ಎಂದು ತೋರಿಸುತ್ತ ಮುಂದೆ ಹೋದೆ. ಕೊನೆಗೆ ಅವರು ನನ್ನ ಪುಸ್ತಕದ ತಾರೀಖುಗಳನ್ನು ತಿರುವಿ ನೋಡಿ, ಪಟ್ಟಿಯ ಮೇಲಿನ ಕೆಂಪು ಗೆರೆ ಹೊಡೆದು ಹಾಕಿ ಓಣಿಯ ಮೇಲೆ ಎಳೆದರು. 'ಖಾಲಿ ಜಾಗ' ಹೊಡೆದು, ನನ್ನನ್ನು ಕೇಳಿ 'ಕೆರುಪುಕ್ ಒಣಗಿಸುವ ಜಾಗ, 14 ಮನೆ' ಎಂದು ಬರೆದರು. ಎಂಬಾಹ್‌ಗೆ ಬೆರಳಿಟ್ಟು ಓದಿ ಹೇಳಿದೆ. "ಇಷ್ಟೇ ಇಷ್ಟು ಬರ್ದಿದಾರೆ, ತಟ್ಟಿ ಇಪ್ಪತ್ತಾರಿದೆಯಲ್ಲೇ" ಎಂದು ಗೊಣಗಿದಳು.

ಆಮೇಲೆ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ಮಳೆಗೆ ಮೊದಲು ತೆಗೆಯಬೇಕಂತೆ. ಇವರು ಹತ್ತಿರ ನಿಂತು, ಬಣ್ಣ ಕೆಳಗೆ ಇಳಿಯದ ಹಾಗೆ ಹಚ್ಚಿ ಅಂತ ಅವರಿಗೆ ಹೇಳುತ್ತಿದ್ದರು.

ಪುಸ್ತಕ ಈಗ ಅವರಿಗೆ ಕೊಟ್ಟುಬಿಡಬೇಕು, ಕಾಯುತ್ತಿದ್ದಾರೆ. ಒಂದು ನಿಮಿಷ ಅಂದೆ. ಪುಟದ ತಲೆಯ ಸಾಲು ತುಂಬಿರಲಿಲ್ಲ.

ಏನಿದೆ: ತಟ್ಟಿ 26. ಕೋಳಿ 5. ಅಡುಗೆಮನೆ ಒಂದು, ಓಣಿಯೊಳಗೆ 1 ಮೀಟರ್ 40.
ಟೇಪು ಹಿಡಿದವರು: ಜುಮಾದಿ.
ಬರೆದವಳು: ವಾರ್ಸಿನಿ.